ಇಲಿಗೆ ಮುದ್ದೆ, ನನಗೆ ಸಾರು

ಅವ್ವಾ,

ಇಲಿ ಬೋನಿಗೆ ನೀನು ಕೊಬ್ಬರಿ ಚೂರು ಸಿಕ್ಕಿಸುತ್ತಿದ್ದದ್ದು ಇವತ್ತು ನೆನಪಾಗಿ ನಗು ಬಂತು. ರಾಗಿ ಮೂಟೆ ಕಚ್ಚುವ ಇಲಿಗಳ ಮೇಲೆ ಜೀವಮಾನವೆಲ್ಲ ಹಗೆ ಸಾಧಿಸಿದವಳು ನೀನು. ನಿನ್ನ ಮಗಳು ಬೆಂಗಳೂರಿನ ಲ್ಯಾಬಿನಲ್ಲಿ ಬಿಳಿ ಇಲಿಗಳಿಗೆ ಹಿಟ್ಟು ತಿನ್ನಿಸಿ, ವಾರವಾರ ತೂಗುವ ಕೆಲಸಕ್ಕೆ ಸೇರಿದಳು. “ಓದ್ಸಿದ್ದು ಇಲಿ ಸಾಕೋಕಾ?” ಅಂದಿದ್ದೆ ನೀನು. ಧಾನ್ಯದಲ್ಲಿ ಪ್ರೋಟೀನ್ ಎಷ್ಟಿದೆ ಅನ್ನುವುದಷ್ಟೇ ಅಲ್ಲ, ತಿಂದದ್ದರಲ್ಲಿ ಎಷ್ಟು ಮೈಗೆ ಹತ್ತುತ್ತದೆ ಅಂತ ನೋಡುತ್ತೇವೆ ಎಂದು ನಾನು ಹೇಳಿದಾಗ ಮಾತ್ರ ತಲೆಯಾಡಿಸಿದೆ.

ಹೊಂಗನೂರಿನ ಬಸ್‌ಸ್ಟಾಪಿನಲ್ಲಿ ನೀನು ಚೀಲ ಕೈಗಿತ್ತ ಬೆಳಿಗ್ಗೆ ಕಣ್ಣ ಮುಂದೆಯೇ ಇದೆ. ಅಂಗನವಾಡಿ ಮಕ್ಕಳಿಗೆ ನಿಮ್ಮ ಮಹಿಳಾ ಸಂಘದ ಹಿಟ್ಟೇ ಮುಂದುವರಿಯಬೇಕೋ, ಹೆದ್ದಾರಿ ಪಕ್ಕ ಎದ್ದ ಹೊಸ ಫ್ಯಾಕ್ಟರಿಯ ಪ್ಯಾಕೆಟ್ ಬರಬೇಕೋ ಅನ್ನುವುದು ನಮ್ಮ ಲ್ಯಾಬಿನ ವರದಿಯ ಮೇಲೆ ನಿಂತಿತ್ತು. ಚೀಲದಲ್ಲಿ ರಾಗಿ ಹಿಟ್ಟು, ಅದರ ಮೇಲೆ ಬಟ್ಟೆಯಲ್ಲಿ ಕಟ್ಟಿದ ಹುರುಳಿ ಗಂಟು. ತವರಿನಿಂದ ಹೊರಟ ಮಗಳ ಚೀಲದಲ್ಲಿ ಏನಾದರೊಂದು ಗಂಟು ಇಲ್ಲದೆ ಇರುತ್ತದೆಯೇ? ನನಗೇ ಕೊಟ್ಟಿದ್ದೀಯ ಅಂದುಕೊಂಡೆ. ಹಿಟ್ಟು ಲ್ಯಾಬಿಗೆ ಹೋಯಿತು. ಹುರುಳಿಯನ್ನು ಬಸ್ಸಾರು ಮಾಡಿ ಉಂಡೆ. ಚೆನ್ನಾಗಿಯೂ ಇತ್ತು.

ಯುಗಾದಿಗೆ ಬಂದಾಗ ನೀನು ಒಲೆ ಮುಂದೆ ಹಿಟ್ಟು ತೊಳಸುತ್ತಿದ್ದೆ. ನಾಲ್ಕು ವಾರ ತಿಂದರೂ ಇಲಿಗಳು ಬೆಳೆಯಲಿಲ್ಲ, ವರದಿ ಹಾಗೇ ಹೋಗಿದೆ ಎಂದು ನಾನಂದೆ. ನಿನ್ನ ಕೈಯ ಕೋಲು ನಿಂತಿತು.

“ಹುಳ್ಳಿ ಗಂಟು ಏನಾಯ್ತು?”

ಉಂಡೆ ಅಂದೆ. ಹುರುಳಿಯನ್ನು ನೀವು ಮಕ್ಕಳಿಗೆ ಕೊಡುವ ದಿನವೇ ಹುರಿದು, ಬೀಸಿ, ರಾಗಿಗೆ ಬೆರೆಸುತ್ತೀರಿ ಎಂದು ನನಗೆ ಗೊತ್ತಾದದ್ದು ಆಗಲೇ.

“ಇಲಿಗೆ ಬರೀ ಮುದ್ದೆ ಇಕ್ಕಿ ಸಾರ ನೀನುಂಡ್ಯಾ? ಹಂಗಿಕ್ಕಿದ್ರೆ ಯಾರ್ ಮೈಗೆ ಹತ್ತಾದು? ಇನ್ನೊಂದ್ ಸಲ ಇಕ್ಕಿ ನೋಡವ್ವ.”

ನೀನು ಬೈದಿದ್ದರೆ ಚೆನ್ನಾಗಿತ್ತು. ರಾಗಿಯಲ್ಲಿ ಲೈಸಿನ್ ಅನ್ನುವ ಅಂಶ ಕಡಿಮೆ, ಹುರುಳಿ ಸೇರಿದರೆ ಆ ಕೊರತೆ ತುಂಬುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಪಾಸಾದವಳು ನಾನು. ಬಾಯಿಬಿಟ್ಟರೆ ಕೆಲಸಕ್ಕೆ ಕುತ್ತು ಎಂದು ಹೆದರಿದೆ. ಆಷಾಢ ಕಳೆಯಲಿ, ಗೌರಿಹಬ್ಬ ಕಳೆಯಲಿ ಅಂತ ದಿನ ತಳ್ಳಿದೆ. ಅಷ್ಟರಲ್ಲಿ ನೀನೇ...

ನಿನ್ನ ಹನ್ನೊಂದನೇ ದಿನದ ಊಟಕ್ಕೆ ಸಂಘದ ಪುಟ್ಟಮ್ಮ ಬಂದಿದ್ದಳು. “ಪ್ಯಾಕೆಟ್ ಹಿಟ್ಟ ಮಕ್ಳು ಮುಟ್ಟಲ್ಲ ಕಣವ್ವ, ಎಮ್ಮೆಗೆ ಕಲ್ಸಿ ಇಕ್ತಾವ್ರೆ,” ಅಂದಳು. ನಾನು ಎಲೆ ಬಿಟ್ಟು ಎದ್ದೆ. ಮರುದಿನವೇ ನಮ್ಮ ಮೇಲಧಿಕಾರಿಗೆ ಬರೆದುಕೊಟ್ಟೆ. ತಪ್ಪು ಹಿಟ್ಟಿನದಲ್ಲ, ನನ್ನದು. ಮತ್ತೆ ಪರೀಕ್ಷೆ ಮಾಡಿ ಎಂದು. ಅವರು ಎಲ್ಲರ ಮುಂದೆ ಉಗಿದರು. ತಕ್ಕಡಿ ಮುಟ್ಟಕೂಡದು, ಬೇರೆಯವರು ತೂಗುತ್ತಾರೆ ಅಂದರು. ಮುಟ್ಟುವುದಿಲ್ಲ ಅಂದೆ. ಪರೀಕ್ಷೆ ಆಗಬೇಕಿತ್ತು, ಅಷ್ಟೇ. ಪುಟ್ಟಮ್ಮ ರಾಗಿಯನ್ನೂ ಹುರುಳಿಯನ್ನೂ ಬೆರೆಸಿಯೇ ಕಳಿಸಿದಳು.

ನಿನ್ನೆ ಕೊನೆಯ ತೂಕ ಆಯಿತವ್ವ. ನಾನು ಬಾಗಿಲಲ್ಲೇ ನಿಂತಿದ್ದೆ. ಹೋಲಿಕೆಗೆಂದು ಬರೀ ರಾಗಿ ತಿನ್ನಿಸಿದವು ಆಗಿನಂತೆಯೇ ಬಡಕಲು. ನಿಮ್ಮ ಬೆರಕೆ ಹಿಟ್ಟು ತಿಂದವು ನಾವು ಅಳತೆಗೆ ಇಟ್ಟುಕೊಳ್ಳುವ, ಹಾಲಿನ ಪ್ರೋಟೀನ್ ತಿಂದ ಇಲಿಗಳ ಹತ್ತಹತ್ತಿರ ಬಂದಿವೆ. ನೀನಿದ್ದಿದ್ದರೆ, ಇಲಿ ದಪ್ಪಗಾಯಿತು ಅಂತ ಸಂತೋಷಪಟ್ಟ ಮೊದಲನೇ ರೈತಗಿತ್ತಿ ಆಗಿರುತ್ತಿದ್ದೆ.

ಅಂಗನವಾಡಿಗೆ ನಿಮ್ಮ ಹಿಟ್ಟು ಇನ್ನೂ ವಾಪಸು ಬಂದಿಲ್ಲ. ಸೋಮವಾರ ರಾಮನಗರದಲ್ಲಿ ಮೀಟಿಂಗ್. ಅಧಿಕಾರಿಗಳು ಏನೇ ಅನ್ನಲಿ, ಹಳೇ ವರದಿ ತಪ್ಪು, ಅದಕ್ಕೆ ಸಹಿ ಹಾಕಿದವಳು ನಾನೇ ಎಂದು ಅವರ ಮುಂದೆ ಹೇಳಿಯೇ ಬರುತ್ತೇನೆ. ಅಲ್ಲೇ ಹುರಿದು ಬೆರೆಸಿ ತೋರಿಸುವುದಕ್ಕೆ ಪುಟ್ಟಮ್ಮ ಬಾಣಲೆ ತರುತ್ತಾಳೆ. ಹುರುಳಿ ತರುವುದು ನನ್ನ ಪಾಲಿಗೆ ಬಂದಿದೆ. ನಿನ್ನ ಡಬ್ಬದಲ್ಲಿ ಉಳಿದದ್ದನ್ನು ನಿನ್ನ ಹಳೇ ಸೀರೆಯ ತುಂಡಿನಲ್ಲೇ ಗಂಟು ಕಟ್ಟಿಟ್ಟಿದ್ದೇನೆ. ಈ ಸಲ ಒಂದು ಕಾಳನ್ನೂ ನಾನು ತಿನ್ನುವುದಿಲ್ಲ.

ನಿನ್ನ ಮಗಳು