ನಾನು ತಿದ್ದಿದ ಮಲತಾಯಿ

ನೆಲದೊಳಗೆ ಇಳಿದ ಇನ್ನೂರ ಎಂಟನೇ ವರ್ಷ, ಎರಡನೇ ಬೇಸಿಗೆಯ ಅರುವತ್ತೊಂದನೇ ದಿನ
ಒಳಕೇರಿ, ಬಳ್ಳಾರಿ ಗುಡ್ಡ

ಕಥೆ ಬರೆಯುವ ಹಿರಿಯರಿಗೆ ನೀಲವ್ವನ ನಮಸ್ಕಾರ.

ಈ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ, ಹುಡುಕಲು ಹೋಗಬೇಡಿ. ನನ್ನ ಮಾತೂ ಅಲ್ಲಲ್ಲಿ ವಿಚಿತ್ರವೆನಿಸಬಹುದು. ಇನ್ನೂರು ವರ್ಷ ನೆಲದಡಿ ಬಾಳಿದ ಕನ್ನಡ ಇದು, ಸ್ವಲ್ಪ ಹೊಟ್ಟೆಗೆ ಹಾಕಿಕೊಳ್ಳಿ.

ಮೇಲಿನ ಬಿಸಿಲು ತಾಳಲಾರದೆ ನಮ್ಮ ಹಿಂದಿನವರು ಗುಡ್ಡ ಕೊರೆದು ಒಳಗೆ ಕೇರಿ ಕಟ್ಟಿಕೊಂಡರು. ಬೆಳಕುಗೊಳವೆ ಎಂದರೆ ಕನ್ನಡಿ ಕೂರಿಸಿ ಬಿಸಿಲನ್ನು ಕೆಳಗಿಳಿಸುವ ಕೊಳವೆ. ಆ ಕನ್ನಡಿಗಳ ಧೂಳು ಒರೆಸುವುದು ನನ್ನ ಕೆಲಸ. ಬೆಳಿಗ್ಗೆ ಬಟ್ಟೆ, ಬಕೆಟ್ ಹಿಡಿದು ಹತ್ತಿದರೆ ಮಧ್ಯಾಹ್ನ ಸಜ್ಜೆ ರೊಟ್ಟಿ, ಅಣಬೆ ಪಲ್ಯದ ಹೊತ್ತಿಗೆ ಇಳಿಯುತ್ತೇನೆ. ಇಲ್ಲಿ ಹೆತ್ತವರೇ ಸಾಕಬೇಕೆಂಬ ಕಟ್ಟಳೆಯಿಲ್ಲ. ಪ್ರತಿ ಮಗುವಿಗೂ ಒಬ್ಬ ಸಾಕವ್ವ ಇರುತ್ತಾಳೆ. ಅವಳು ತೀರಿಕೊಂಡರೆ ಎರಡನೆಯವಳು ಬರುತ್ತಾಳೆ. ನೂರು ದಿನ ಜೊತೆಗಿದ್ದ ಮೇಲೆ, ಒಪ್ಪುವ ದಿನ, ಇರುತ್ತೇನೋ ಇಲ್ಲವೋ ಎಂದು ಕೇರಿಯವರ ಮುಂದೆ ಮಗುವೇ ಹೇಳಬೇಕು. ಇಲ್ಲ ಎಂದರೆ ಮುಗಿಯಿತು, ಇನ್ನೊಮ್ಮೆ ಕೇಳುವಂತಿಲ್ಲ. ಒಂಬತ್ತು ವರ್ಷದ ಚಿಗರಿಯ ಸಾಕವ್ವ ಹುಲಿಗೆವ್ವ ತೀರಿಕೊಂಡಾಗ ನಾನು ಹೀಗೆ ಎರಡನೆಯವಳಾಗಿ ಬಂದೆ. ಮೂರನೇ ದಿನಕ್ಕೇ ಆ ಹುಡುಗಿಯ ಮೇಲೆ ಜೀವ ಇಟ್ಟುಬಿಟ್ಟೆ. ಉಳಿದ ದಿನಗಳನ್ನೆಲ್ಲ ಅವಳು ಇಲ್ಲ ಎಂದುಬಿಟ್ಟರೆ ಎಂಬ ಹೆದರಿಕೆಯಲ್ಲೇ ಕಳೆದೆ.

ಆ ನೂರು ಸಂಜೆಯೂ ನಿಮ್ಮ ಕಾಲದ ಕಥೆಗಳನ್ನು ಮಗುವಿಗೆ ಓದಬೇಕು. ಸಾಕುವುದು ಎಂದರೇನು ಎಂದು ಇಬ್ಬರೂ ಕೂಡಿ ಕಲಿಯಲಿ ಎಂಬ ಪದ್ಧತಿ ಇದು. ಎಂಥೆಂಥವರನ್ನು ಬರೆದಿದ್ದೀರಿ ನೀವು! ಮಗಳ ಪರೀಕ್ಷೆ ಮುಗಿಯುವವರೆಗೂ ಶಾಲೆಯ ಬೇಲಿಯಾಚೆ ನಿಂತಿದ್ದು, ಅವಳು ಹೊರಬಂದಾಗ ಇಲ್ಲೇ ಏನೋ ಕೆಲಸವಿತ್ತು ಎಂದು ಗದರುವ ಅಪ್ಪಂದಿರು. ನೆಂಟಸ್ತಿಕೆಯೇ ಇಲ್ಲದ ಹುಡುಗಿಯನ್ನು ಓದಿಸಿ ದಡ ಸೇರಿಸುವ ಟೈಲರ್. ತಮ್ಮದು ಊಟ ಆಯಿತು ಎನ್ನುವ ತಾಯಂದಿರಂತೂ ಪ್ರತಿ ಮೂರನೇ ಕಥೆಗೊಬ್ಬಳು. ಆ ಕಾಲದ ಹೆಂಗಸರಿಗೆ ಹಸಿವೇ ಕಡಿಮೆ ಎಂದು ನಮ್ಮ ಶಾಲೆಯಲ್ಲಿ ಬಹಳ ಕಾಲ ಪಾಠ ಮಾಡುತ್ತಿದ್ದರು. ಕೊನೆಯ ರೊಟ್ಟಿಯನ್ನು ಚಿಗರಿಯ ತಟ್ಟೆಗೆ ಹಾಕಿ ನಾನೂ ಅದೇ ಸುಳ್ಳು ಹೇಳಿದ ದಿನ ನಿಮ್ಮ ಗುಟ್ಟು ತಿಳಿಯಿತು. ತಾಯಂದಿರನ್ನು ಮೊದಲ ಪುಟದಲ್ಲೇ ಸಾಯಿಸುವುದು ನಿಮ್ಮದೊಂದು ಚಟ. ಆದರೂ ಸತ್ತವಳ ಜಾಗವನ್ನು ಕಥೆ ಮುಗಿಯುವವರೆಗೂ ಯಾರಿಗೂ ಬಿಟ್ಟುಕೊಡದೆ ಕಾಯುತ್ತೀರಲ್ಲ, ಎರಡನೆಯವಳಾದ ನನಗೆ ಅದು ಚುಚ್ಚಿದರೂ ಮೆಚ್ಚಿಕೊಂಡೆ.

ನನ್ನ ಜಗಳವಿದ್ದದ್ದು ನಿಮ್ಮ ಮಲತಾಯಿಯರ ಜೊತೆ. ಅವರಲ್ಲಿ ಒಬ್ಬಳಾದರೂ ನೆಟ್ಟಗಿರಬಾರದೇ? ಅವಳು ಕಥೆಯೊಳಗೆ ಕಾಲಿಟ್ಟ ಕೂಡಲೇ ಚಿಗರಿ ಪುಸ್ತಕ ಬಿಟ್ಟು ನನ್ನ ಮುಖ ನೋಡುತ್ತಿದ್ದಳು. ಎಂಬತ್ತೊಂಬತ್ತನೇ ದಿನದ ಕಥೆಯಲ್ಲಿ ಮಲತಾಯಿ ಉರಿ ಮಧ್ಯಾಹ್ನ ಹುಡುಗಿಯ ಕೈಗೆ ತೂತು ಕೊಡ ಕೊಟ್ಟು ನೀರಿಗೆ ಕಳಿಸುತ್ತಾಳೆ. ನಮ್ಮ ಮಕ್ಕಳಿಗೆ ಬಿಸಿಲೆಂದರೆ ಸಾವು. ಓದುತ್ತಾ ಓದುತ್ತಾ ಕಥೆಯನ್ನೇ ತಿದ್ದಿಬಿಟ್ಟೆ. ಮಲತಾಯಿಯ ಕೈಯಿಂದ ಹುಡುಗಿಗೆ ಮಜ್ಜಿಗೆ ಕುಡಿಸಿದೆ, ಕೊಡೆ ಕೊಡಿಸಿದೆ, ಬೇಗ ಬಾ ಮಗಳೇ ಎಂದೂ ಹೇಳಿಸಿದೆ. ಚಿಗರಿ ಪುಸ್ತಕ ಕಸಿದುಕೊಂಡು ಆ ಪುಟವನ್ನು ತಾನೇ ಓದಿದಳು, ಮುಚ್ಚಿಟ್ಟು ಎದ್ದುಹೋದಳು. ಹುಲಿಗೆವ್ವ ಆ ಕಥೆಯನ್ನು ಅವಳಿಗೆ ಮೂರು ಸಲ ಓದಿದ್ದಳೆಂದು ಆಮೇಲೆ ತಿಳಿಯಿತು. ಅಲ್ಲಿಂದ ಮುಂದೆ ಕೇಳಿದ್ದಕ್ಕಷ್ಟೇ ಉತ್ತರ. ಸಂಜೆ ಓದುವಾಗ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ನಂಬಿಸಲು ಹೋಗಿ ನಂಬಿಕೆಯನ್ನೇ ಕಳೆದುಕೊಂಡೆ ಎಂದು ಒಳಗೇ ಬೆಂದುಹೋದೆ. ಆ ಸಿಟ್ಟನ್ನು ನಿಮ್ಮ ಮೇಲೆ ತೀರಿಸಿಕೊಳ್ಳಲೆಂದೇ ಮೊದಲು ಒಂದು ಕಾಗದ ಬರೆದಿದ್ದೆ, ಇನ್ನು ಮಲತಾಯಿಯರನ್ನು ಬರೆಯಬೇಡಿ ಎಂದು ಬೇಡಿಕೊಳ್ಳಲು.

ನಿನ್ನೆ ಒಪ್ಪುವ ದಿನ. ಕೇರಿಯ ಹಿರಿಯ ತಿಪ್ಪೇರುದ್ರಜ್ಜ ಪದ್ಧತಿಯಂತೆ ಚಿಗರಿಯನ್ನು ಕೇಳಿದ. ಅವಳು ಅವನ ಕಡೆ ತಿರುಗಲೇ ಇಲ್ಲ, ನನ್ನನ್ನೇ ನೋಡಿದಳು.

“ಇರ್ತೀನಿ. ಆದ್ರ ಇನ್ನ ಮ್ಯಾಲ ಕಥಿ ಇದ್ದಂಗ ಓದಬೇಕು. ಆ ಮಲತಾಯಿ ಕೆಟ್ಟಾಕಿನ ಇರ್ಲಿ. ಆಕೀನೂ ಒಳ್ಳೇಕಿ ಆಗಿಬಿಟ್ರ, ನೀನು ಒಳ್ಳೇಕಿ ಅಂತ ನನಗ ಹೆಂಗ ತಿಳೀಬೇಕು?”

ಕೇರಿಗೆ ಕೇರಿಯೇ ನಕ್ಕಿತು. ನಾನು ಮಾತ್ರ ಅಲ್ಲೇ ಕುಳಿತು ಅತ್ತೆ. ಅಷ್ಟು ದಿನ ಅವಳು ನನ್ನ ಮುಖ ನೋಡುತ್ತಿದ್ದದ್ದು ಹೆದರಿಕೆಯಿಂದಲ್ಲ. ಕಥೆಯ ಮಲತಾಯಿಯನ್ನೂ ನನ್ನನ್ನೂ ಪಕ್ಕಪಕ್ಕ ಇಟ್ಟು ತೂಗಿ ನೋಡುತ್ತಿದ್ದಳು, ಅಷ್ಟೆ.

ಹಾಗಾಗಿ ಮೊದಲು ಬರೆದ ಕಾಗದವನ್ನು ಹರಿದುಹಾಕಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಕೆಟ್ಟವರಿಂದಲೂ ನಮಗೆ ಉಪಕಾರವಾಗಿದೆ. ಯಾರಾದರೂ ನಿಮ್ಮ ಬಳಿ ಬಂದು ಆ ಹೆಂಗಸರನ್ನು ಸ್ವಲ್ಪ ಮೆತ್ತಗೆ ಮಾಡಿ ಎಂದರೆ ದಯವಿಟ್ಟು ಒಪ್ಪಬೇಡಿ. ತೂತು ಕೊಡ ತೂತಾಗಿಯೇ ಇರಲಿ. ನನ್ನಂಥವರು ಇನ್ನೂ ಎಷ್ಟೋ ಮನೆಗಳಿಗೆ ಎರಡನೆಯವರಾಗಿ ಹೋಗಬೇಕಾಗಿದೆ.

ಇಷ್ಟಕ್ಕೇ ಮುಗಿಸುತ್ತೇನೆ. ಸಂಜೆ ಚಿಗರಿಗೆ ಅದೇ ಕಥೆಯನ್ನು ಮೊದಲಿನಿಂದ ಓದಬೇಕು. ಬೆಳಿಗ್ಗೆಯಿಂದ ಕನ್ನಡಿ ಒರೆಸುತ್ತಾ ಮಲತಾಯಿಯ ಗಡಸು ದನಿಯನ್ನು ಅಭ್ಯಾಸ ಮಾಡುತ್ತಿದ್ದೇನೆ, ಇನ್ನೂ ಸರಿಯಾಗಿ ಬರುತ್ತಿಲ್ಲ.

ಇಂತಿ,
ಚಿಗರಿಯ ಸಾಕವ್ವ
ನೀಲವ್ವ