ಎಬಿ ಹೋಗಿ ಬಿ ಆದ ಕಾರ್ಡ್

ನವೆಂಬರ್ ೧೪, ಶುಕ್ರವಾರ, ರಾಯಚೂರು

ಗಬ್ಬೂರಿನ ರಕ್ತದಾನ ಶಿಬಿರದ ಫೈಲನ್ನು ಸಾಲುಸಾಲಾಗಿ ಓದಿ, ರಕ್ತದ ಗುಂಪು ಸರಿಯಿದೆಯೇ ನೋಡಿ ದಾನಿಗಳ ಕಾರ್ಡಿಗೆ ಹಾಕುವ, ಲುವಾ ಭಾಷೆಯ ಕಂಪ್ಯೂಟರ್ ಪ್ರೋಗ್ರಾಂ ನನ್ನದೇ. ಗುಂಪನ್ನು ಗುರುತಿಸುವ ಪ್ಯಾಟರ್ನಿನಲ್ಲಿ ಪಾಸಿಟಿವ್-ನೆಗೆಟಿವ್ ಚಿಹ್ನೆಯ ಹಿಂದೆ ಒಂದೇ ಅಕ್ಷರಕ್ಕೆ ಜಾಗ ಕೊಟ್ಟೆ. ಪೂರ್ತಿ ಹೊಂದಿದರೆ ಮಾತ್ರ ಒಪ್ಪುವಂತೆ ಹಿಂದುಮುಂದು ಬಿಗಿಯುವ ಎರಡು ಗುರುತುಗಳನ್ನೂ ಬಿಟ್ಟೆ. ಎಬಿ ಪಾಸಿಟಿವ್ ಬಂದಲ್ಲೆಲ್ಲ ಅದು ಎ ಬಿಟ್ಟು ಬಿ ಪಾಸಿಟಿವ್ ಹಿಡಿದು ಸುಮ್ಮನಾಯಿತು. ನಾನು ಪರೀಕ್ಷಿಸಿದ್ದು ನಮ್ಮ ಮನೆಯವರ ಹೆಸರು ಹಾಕಿ. ನಮ್ಮಲ್ಲಿ ಎಬಿ ಯಾರೂ ಇಲ್ಲ!

ಹನ್ನೊಂದು ಕಾರ್ಡ್ ತಪ್ಪು. ಸಂಜೆ ಗೊತ್ತಾದೊಡನೆ ಪಟ್ಟಿಯ ಮೊದಲಿಗರಾದ ಗಡಿಗೆಪ್ಪನವರಿಗೆ ಫೋನ್ ಮಾಡಿದೆ.

"ಕಾರ್ಡ್ ದೇವರ ಜಗಲಿ ಮ್ಯಾಲ ಇಟ್ಟು ಪೂಜಿ ಮಾಡೀನ್ರಿ ಯವ್ವಾ. ನಾಳಿ ಅಳಿಯಗ ಆಪರೇಷನ್ ಅದ, ಬಿ ಪಾಸಿಟಿವ್ ಬೇಕಂತ. ನಾನೇ ಕೊಡಾಕ ಹೊಂಟೀನಿ."

"ಬ್ಯಾಡ್ರಿ ಯಪ್ಪಾ, ನಿಮ್ಮದು ಎಬಿ. ತಪ್ಪು ನಂದು."

ಅವರು ಮನೆಯವರಿಗೆ ಕೂಗಿ ಹೇಳಿ, ಮತ್ತೆ ಫೋನಿಗೆ ಬಂದರು.

"ಕಾರ್ಡ್ ನಂಬಿ ಬ್ಯಾರೆ ಯಾರನ್ನೂ ಹುಡುಕಿಲ್ರಿ ನಾವು."

ಆಸ್ಪತ್ರೆಯವರು ಮತ್ತೆ ಪರೀಕ್ಷೆ ಮಾಡದೆ ರಕ್ತ ಹಾಕುವುದಿಲ್ಲ, ಗೊತ್ತು. ಆದರೂ ನಾಳೆಗೆ ಅವರಿಗೆ ರಕ್ತ ಕೊಡುವವರಿಲ್ಲ. ನಾನು ಬಿ ಪಾಸಿಟಿವ್. ಬೆಳಿಗ್ಗೆ ಹೋಗಿ ನಾನೇ ಕೊಡುತ್ತೇನೆ. ಸೂಜಿ ಕಂಡರೆ ಕಣ್ಣು ಮುಚ್ಚುವವಳಿಗೆ ಈಗ ಸೂಜಿಯ ಭಯವಿಲ್ಲ. ಉಳಿದವರಲ್ಲಿ ಆರು ಜನ ಫೋನ್ ಎತ್ತಿಲ್ಲ. ಅವರ ಕಾರ್ಡುಗಳು ಯಾವ ಯಾವ ಜಗಲಿಯ ಮೇಲೆ ಪೂಜೆ ಮಾಡಿಸಿಕೊಳ್ಳುತ್ತಿವೆಯೋ.