ಎರಡನೇ ಹಳಿ

ಸೋಡಾ ವೆಲ್ಸ್, ಅರಿಜೋನಾ

ಪ್ರೀತಿಯ ತಂಗಿ ವರ್ನಾ,

ನಿನ್ನ ಮಂಡಿನೋವು ಹೇಗಿದೆ? ನಿನ್ನ ಗಂಡ ಆರಿನ್‌ನ ಕೆಮ್ಮು ನಿಂತಿತೇ?

ನಮ್ಮ ತಮ್ಮ ಡೆಲ್ಬರ್ಟ್ ಬದುಕಿದ್ದಾನೆ, ಮೊದಲು ಅದನ್ನು ಹೇಳಿಬಿಡುತ್ತೇನೆ. ಹೆದ್ದಾರಿಯಿಂದ ಬಂದವನೊಬ್ಬ ನಮ್ಮ ಹೋಟೆಲಿನಲ್ಲಿ ಹೊಟ್ಟೆತುಂಬ ತಿಂದು, ಅಡುಗೆಯ ಹೈರಮ್‌ನ ಎದೆಗೆ ಗುಂಡು ಹೊಡೆದ. ಡೆಲ್ಬರ್ಟ್‌ನ ಕುತ್ತಿಗೆಗೆ ಪಿಸ್ತೂಲು ಒತ್ತಿ, ಅವನ ಟ್ರಕ್ಕನ್ನು ಅವನಿಂದಲೇ ಓಡಿಸಿಕೊಂಡು ಹೊರಟ. ಹೋಟೆಲಿನ ಪಕ್ಕದ ರೈಲು ಹಳಿಯ ಹತ್ತಿರ ಡೆಲ್ಬರ್ಟ್ ಟ್ರಕ್ ನಿಲ್ಲಿಸಿದ; ಗೂಡ್ಸ್ ಗಾಡಿಯೊಂದು ದಾಟಿಹೋಯಿತು.

"ನಡಿಯೋ ಮುದುಕ."

"ತಡಿಯಪ್ಪ, ಆಚೆ ಹಳೀಲಿ ಇನ್ನೊಂದು ಬರ್ತದೆ. ಒಂದು ಹೋದ್ರೂ ಇಲ್ಲಿ ಎರಡನೇದಕ್ಕೆ ಕಾಯ್ತೀವಿ."

"ಯಾರಿಗೆ ಕಥೆ ಹೇಳ್ತೀಯೋ?"

ಪಿಸ್ತೂಲಿನಿಂದ ಹೊಡೆದು ಡೆಲ್ಬರ್ಟ್‌ನ ಹಲ್ಲು ಮುರಿದು, ಅವನನ್ನು ಕೆಳಗೆ ತಳ್ಳಿ, ತಾನೇ ಓಡಿಸಿದ. ಎರಡನೇ ಗಾಡಿ ಬಂದೇ ಬಂತು. ಟ್ರಕ್ಕಿನ ಬಾಗಿಲು ನಮ್ಮ ಅಂಗಳದಲ್ಲಿ ಬಿತ್ತು. ಆ ಮನುಷ್ಯನನ್ನು ಚೀಲದಲ್ಲಿ ಆರಿಸಿಕೊಂಡು ಹೋದರು.

ಹೈರಮ್‌ನನ್ನು ಮಣ್ಣು ಮಾಡಿದೆವು. ಡೆಲ್ಬರ್ಟ್ ಮಾತ್ರ, "ಅಕ್ಕಾ, ನಾನು ಇನ್ನೂ ಜೋರಾಗಿ ಹೇಳ್ಬೇಕಿತ್ತಾ?" ಎಂದು ಕೇಳುತ್ತಲೇ ಇದ್ದಾನೆ. ತಪ್ಪು ನಿನ್ನದಲ್ಲ ಎಂಬ ನನ್ನ ಉತ್ತರ ಅವನಿಗೆ ಸಾಲದು. ನೀನು ಹೇಳಿದರೆ ನಂಬುತ್ತಾನೆ, ಬೇಗ ಎರಡು ಸಾಲು ಬರೆ.

ನಿನ್ನ ಅಕ್ಕ,
ಯೂಲಾ